ಹಳೇ ಮೌಸರ್ ಆಕ್ಷನ್ ತಗೊಳ್ಳೋ ಮುಂಚೆ ಆ ಉಕ್ಕಿನ ಕಥೆ ಕೇಳಿ

ನಮ್ಮಕ್ಕನ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದು ಅಲ್ಲೇ ಮನೆ ತಗೊಂಡು ಸೆಟ್ಲ್ ಆಗಿದ್ದಾನೆ, ಥ್ಯಾಂಕ್ಸ್‌ಗಿವಿಂಗ್ ಆದ್ಮೇಲೆ ಜಿಂಕೆ ಸೀಸನ್ ಶುರುವಾಯ್ತು ಅಂದ್ರೆ ಕೇಸರಿ ಜಾಕೆಟ್ ಹಾಕ್ಕೊಂಡು ಫ್ರೆಂಡ್ಸ್ ಜೊತೆ ಕಾಡಿಗೆ ಹೊರಡ್ತಾನೆ, ಅಲ್ಲಿ ಅದು ಲೈಸೆನ್ಸ್ ತಗೊಂಡು ಕಾನೂನು ಪ್ರಕಾರ ಮಾಡೋ ಶಿಕಾರಿ. ಇಷ್ಟು ದಿನ ಅಂಗಡಿ ರೈಫಲ್ಲೇ ಆಗ್ತಿತ್ತು. ಈಗ ಅದು ಬೇಡ್ವಂತೆ, ಹಳೇ ಮಿಲಿಟರಿ ರೈಫಲ್ಲಿನ ಆಕ್ಷನ್, ಅಂದ್ರೆ ಮಧ್ಯದ ಯಂತ್ರಭಾಗ, ಒಂದು ತಗೊಂಡು ಅದಕ್ಕೆ ಹೊಸ ಬ್ಯಾರೆಲ್ಲು, ಒಳ್ಳೆ ವಾಲ್‌ನಟ್ ಮರದ ಸ್ಟಾಕು ಕೂರಿಸಿ ತನ್ನ ಕೈ ಅಳತೆಗೆ ಒಂದು ರೈಫಲ್ ಕಟ್ಟಿಸ್ಬೇಕಂತೆ. ವಾಟ್ಸಪ್ಪಲ್ಲಿ ಫೋಟೋ ಮೇಲೆ ಫೋಟೋ ಬರ್ತಿದೆ, ಪ್ರತಿ ಫೋಟೋ ಕೆಳಗೂ ಒಂದೇ ಪ್ರಶ್ನೆ, "ಮಾವ, ಇದು ಚೆನ್ನಾಗೈತೆ ಅನ್ನಿಸ್ತದೆ, ತಗೊಂಡ್ಬಿಡ್ಲಾ?"

ನನ್ನನ್ನ ಕೇಳೋಕೆ ಕಾರಣ ಇದೆ. ನಾನೂ ಆ ಕಡೆ ಕೆಲವು ವರ್ಷ ಟೂಲ್ ರೂಮಲ್ಲಿ ಕೆಲ್ಸ ಮಾಡಿದೋನು, ಶನಿವಾರ ಆದ್ರೆ ಲೈಸೆನ್ಸ್ ಇದ್ದ ಒಬ್ರು ವಯಸ್ಸಾದ ಗನ್‌ಸ್ಮಿತ್ ಅಂಗಡೀಲಿ ನಿಂತು ಅವರಿಗೆ ಲೇತ್ ಕೆಲಸದಲ್ಲಿ ಕೈ ಜೋಡಿಸ್ತಿದ್ದೆ, ಅವರ ಬೆಂಚಿಗೆ ಬಂದು ಹೋದ ಮೌಸರ್, ಸ್ಪ್ರಿಂಗ್‌ಫೀಲ್ಡ್, ಎನ್‌ಫೀಲ್ಡ್ ಎಲ್ಲಾ ಬಿಚ್ಚಿ ಒರೆಸಿ ನೋಡಿದೀನಿ. ಈಗ ಮೈಸೂರಿಗೆ ಬಂದು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೈ, ಫಿಕ್ಸ್ಚರ್ ಮಾಡ್ಕೊಂಡಿದೀನಿ, ಕೋವಿ ಕೆಲಸ ಮುಟ್ಟಲ್ಲ, ಮುಟ್ಟೋ ಹಾಗೂ ಇಲ್ಲ. ಆದ್ರೆ ಉಕ್ಕಿನ ಬಗ್ಗೆ ಕೇಳಿದ್ರೆ ನನಗೆ ಸುಮ್ನಿರೋಕೆ ಆಗಲ್ಲ, ಹಂಗಾಗಿ ಅವನಿಗೆ ಫೋನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ.

ಇಲ್ಲಿನೋರಿಗೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇದನ್ನ ಓದಿ ಯಾರೂ ಮೈಸೂರಲ್ಲೋ ಮಂಡ್ಯದಲ್ಲೋ ಹಳೇ ರೈಫಲ್ ಹುಡುಕೋಕೆ ಹೋಗ್ಬೇಡಿ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧದ ಭಾಗವೂ ಆಯುಧವೇ, ಆಕ್ಷನ್ ಒಂದೇ ಇಟ್ಕೊಂಡಿದೀನಿ ಬ್ಯಾರೆಲ್ ಇಲ್ಲ ಅಂದ್ರೂ ನಡೆಯಲ್ಲ, ಕೋವಿ ಮಾಡೋದು ರಿಪೇರಿ ಮಾಡೋದು ಬದಲಾಯಿಸೋದು ಎಲ್ಲದಕ್ಕೂ ಬೇರೆ ಲೈಸೆನ್ಸ್ ಬೇಕು, 2019ರ ತಿದ್ದುಪಡಿ ಆದ್ಮೇಲೆ ಇನ್ನೂ ಬಿಗಿ ಆಗಿದೆ. ಶಿಕಾರಿ ಅಂತೂ 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಬಂದ್ಮೇಲೆ ಮುಗೀತು, ಮುಗಿದಿದ್ದೇ ಒಳ್ಳೇದಾಯ್ತು. ಮೈಸೂರಲ್ಲಿ ವ್ಯಾನ್ ಇಂಗೆನ್ ಅವರ ಕಾರ್ಖಾನೇಲಿ ಒಂದು ಕಾಲಕ್ಕೆ ಎಷ್ಟು ಹುಲಿ ಚಿರತೆ ಚರ್ಮ ಹದ ಮಾಡಿ ತುಂಬಿ ನಿಲ್ಲಿಸಿದ್ರು ಅಂತ ನೆನೆಸ್ಕೊಂಡ್ರೆ ಬಂಡೀಪುರದಲ್ಲಿ ಇವತ್ತು ಹುಲಿ ಉಳಿದಿರೋದೇ ದೊಡ್ಡ ವಿಷಯ. ಅವನಿರೋ ಜಾಗದ ಲೆಕ್ಕ ಬೇರೆ, ಅಲ್ಲಿ ಆಕ್ಷನ್ನಿನ ರಿಸೀವರ್ ಅನ್ನೋ ಭಾಗವೇ ಕಾನೂನಿನ ಕಣ್ಣಲ್ಲಿ ಪೂರ್ತಿ ಗನ್ನು, ಡೀಲರ್ ಹತ್ರ ಫಾರ್ಮ್ ತುಂಬಿ ಬ್ಯಾಕ್‌ಗ್ರೌಂಡ್ ಚೆಕ್ ಆಗಿ ಕೈಗೆ ಬರುತ್ತೆ.

ಆಕ್ಷನ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ: ಬ್ಯಾರೆಲ್ ಬಿಚ್ಚಿ, ಮರ ತೆಗೆದ್ರೆ ಮಧ್ಯ ಉಳಿಯೋ ಯಂತ್ರ. ರಿಸೀವರ್, ಅದರೊಳಗೆ ಹಿಂದೆ ಮುಂದೆ ಓಡಾಡೋ ಬೋಲ್ಟು, ಕೆಳಗೆ ತೋಟಾ ತುಂಬೋ ಮ್ಯಾಗಜೀನು, ಕುದುರೆ ಅಂದ್ರೆ ಟ್ರಿಗರ್. ಬೋಲ್ಟಿನ ಮೂತಿ ಹತ್ರ ಎರಡು ಕಿವಿ ಇರುತ್ತೆ, ಲಗ್ ಅಂತೀವಿ, ಹಿಡಿ ಕೆಳಗೆ ತಿರುಗಿಸಿದಾಗ ಅವು ರಿಸೀವರ್ ಒಳಗಿನ ಮೆಟ್ಟಿಲಿಗೆ ಹೋಗಿ ಕೂತ್ಕೊಳ್ಳುತ್ತೆ. ಈಡು ಹೊಡೆದಾಗ ಹಿಂದಕ್ಕೆ ಬರೋ ಅಷ್ಟೂ ಒತ್ತಡ ಆ ಎರಡು ಕಿವಿ ಮತ್ತು ಆ ಮೆಟ್ಟಿಲ ಮೇಲೆ, ಒಂದು ಚದರ ಇಂಚಿಗೆ ಐವತ್ತು ಸಾವಿರ ಪೌಂಡು ಮೇಲೆ, ಅದೂ ಹೊಡೆಯೋನ ಮುಖದಿಂದ ಗೇಣು ದೂರದಲ್ಲಿ. ಬ್ಯಾರೆಲ್ ಸವೆದ್ರೆ ಬದಲಾಯಿಸ್ಬೋದು, ಮರ ಸೀಳಿದ್ರೆ ಬದಲಾಯಿಸ್ಬೋದು, ಕುದುರೆ ಹೊಸದು ಹಾಕ್ಬೋದು, ರಿಸೀವರ್ ಉಕ್ಕು ಮಾತ್ರ ಹೇಗಿದ್ಯೋ ಹಾಗೇ. ಆದ್ರಿಂದ ಆಕ್ಷನ್ ಕೊಳ್ಳೋದು ಅಂದ್ರೆ ಉಕ್ಕು ಕೊಳ್ಳೋದು, ಮಿಕ್ಕಿದ್ದೆಲ್ಲ ಆಮೇಲೆ. ನಾನು ಹುಡುಗನಿಗೆ ಪದೇ ಪದೇ ಹೇಳಿದ್ದು ಇದೊಂದೇ.

ಅಷ್ಟೊಂದು ಹಳೇ ಆಕ್ಷನ್ನು ಅಮೆರಿಕದಲ್ಲಿ ಯಾಕಿದೆ ಅಂದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪು, ದಕ್ಷಿಣ ಅಮೆರಿಕದ ಸೈನ್ಯಗಳೆಲ್ಲ ಬೋಲ್ಟ್ ರೈಫಲ್ ಬಿಟ್ಟು ಆಟೋಮ್ಯಾಟಿಕ್ ಕಡೆ ಹೋದ್ವು, ಹಳೇದನ್ನ ಲಾಟ್ ಲಾಟಾಗಿ ಮಾರಿದ್ರು. ಸ್ಯಾಮ್ ಕಮ್ಮಿಂಗ್ಸ್ ಅನ್ನೋರು 1953ರಲ್ಲಿ ಶುರು ಮಾಡಿದ ಕಂಪನಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಗೋದಾಮು ಗೋದಾಮು ತುಂಬ್ಸಿತ್ತು. ಆಗ ಪೇಪರಲ್ಲಿ ಆಡ್ ನೋಡಿ ಪೋಸ್ಟಲ್ಲಿ ರೈಫಲ್ ತರಿಸ್ಕೊಳ್ಳೋ ಕಾಲ. 1963ರಲ್ಲಿ ಕೆನಡಿನ ಕೊಂದಿದ್ದು ಹಂಗೆ ಪೋಸ್ಟಲ್ಲಿ ತರಿಸಿದ ಇಟಲಿಯ ಕಾರ್ಕಾನೋ ರೈಫಲ್ಲಲ್ಲೇ, ಗುರಿ ನೋಡೋ ದುರ್ಬೀನು, ಅದೇ ಸ್ಕೋಪು, ಸೇರಿಸಿ ಇಪ್ಪತ್ತು ಡಾಲರಿಗೆ ಚಿಲ್ಲರೆ ಕಮ್ಮಿ. ಆಮೇಲೆ 1968ರ ಕಾನೂನು ಬಂತು, ಪೋಸ್ಟ್ ಮಾರಾಟ ನಿಂತೋಯ್ತು. ಆದ್ರೆ ಅಷ್ಟರಲ್ಲಿ ಬಂದಿದ್ದು ಬಂದಾಗಿತ್ತು, ಒಂದು ತಲೆಮಾರಿನ ಗನ್‌ಸ್ಮಿತ್‌ಗಳು ಅವನ್ನೇ ಬಿಚ್ಚಿ ಕತ್ತರಿಸಿ ಸ್ಪೋರ್ಟಿಂಗ್ ರೈಫಲ್ ಮಾಡಿ ಕೆಲಸ ಕಲಿತ್ರು. ನಮ್ಮ ಗನ್‌ಸ್ಮಿತ್ ಯಜಮಾನ್ರೂ ಅದೇ ತಲೆಮಾರು.

ಈಗ ಹುಡುಗ ಕಳಿಸಿದ್ದರಲ್ಲಿ ಗಟ್ಟಿಯಾಗಿ ನೋಡೋ ಹಾಗಿದ್ದಿದ್ದು ಮೂರು. ಒಂದು ಸ್ಪ್ರಿಂಗ್‌ಫೀಲ್ಡ್ 1903, ಯಾರೋ ಹಿಂದೆಯೇ ಸ್ಪೋರ್ಟರ್, ಅಂದ್ರೆ ಶಿಕಾರಿ ರೈಫಲ್, ಮಾಡಿಟ್ಟಿದ್ದು, ಮರ ಅಂತೂ ನೋಡ್ತಾ ಕೂರೋ ಹಾಗಿದೆ, ಬೆಲೆನೂ ಕಮ್ಮಿ. ಇನ್ನೊಂದು ಎಂ1917 ಎನ್‌ಫೀಲ್ಡ್, ಬ್ಯಾರೆಲ್ ಸಮೇತ. ಮೂರನೇದು ಬ್ಯಾರೆಲ್ ಇಲ್ಲದ ಬರೀ ಆಕ್ಷನ್, ಜೆಕ್ ದೇಶದ ಬ್ರನೋದಲ್ಲಿ ಮಾಡಿದ ವಿಜ಼ಡ್-24 ಮೌಸರ್, ಮೇಲೆ ಗ್ರೀಸು ಒಣಗಿ ಅಂಟಾಗಿ ಗಲೀಜಾಗಿ ಕೂತಿದೆ. ಅವನ ಮನಸ್ಸು ಸ್ಪ್ರಿಂಗ್‌ಫೀಲ್ಡ್ ಮೇಲೆ. ಸಹಜ, ಯಾರಿಗಾದ್ರೂ ಅದೇ ಕಣ್ಣಿಗೆ ಬೀಳೋದು.

ರಿಸೀವರ್ ಮೇಲಿರೋ ಸೀರಿಯಲ್ ನಂಬರ್ ಓದು ಅಂದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂತ ಇದೆ ಮಾವ, ಆರು ಲಕ್ಷ ಚಿಲ್ಲರೆ ಅಂದ. ಬಿಟ್ಬಿಡು ಅಂದೆ.

ಇದು ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಯಾಕಂದ್ರೆ ಹಳೇ ಆಕ್ಷನ್ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. 1903ರ ಸ್ಪ್ರಿಂಗ್‌ಫೀಲ್ಡ್ ರಿಸೀವರ್‌ಗಳನ್ನ ಮೊದಲ ಹದಿನೈದು ವರ್ಷ ಕುಲುಮೆಲಿ ಕಾಯಿಸಿ ಬಡಿದು ರೂಪ ಕೊಡ್ತಿದ್ದಾಗ ಉಕ್ಕು ಎಷ್ಟು ಕಾದಿದೆ ಅನ್ನೋದನ್ನ ಅಲ್ಲಿನ ಅನುಭವಿ ಕೆಲಸಗಾರರು ಕಣ್ಣಲ್ಲೇ ಬಣ್ಣ ನೋಡಿ ಹೇಳ್ತಿದ್ರು. ಮಳೆಮೋಡ ಇದ್ದ ದಿನ ಕೆಂಪಾಗಿ ಕಂಡ ಉಕ್ಕು, ಬಿಸಿಲು ಒಳಗೆ ಬಿದ್ದ ದಿನ ಅದೇ ಶಾಖದಲ್ಲಿ ಮಂಕಾಗಿ ಕಾಣುತ್ತೆ. ಇನ್ನೂ ಕಾದಿಲ್ಲ ಅಂತ ಇನ್ನಷ್ಟು ಕಾಯಿಸ್ತಾರೆ. ಹಂಗೆ ಎಷ್ಟೋ ರಿಸೀವರ್ ಸುಟ್ಟು ಹೋದ್ವು, ಸುಟ್ಟಿದ್ದು ಅಂದ್ರೆ ಒಳಗಿನ ಕಣ ದಪ್ಪ ಆಗಿ ಉಕ್ಕು ಪೆಡಸಾಗೋದು, ಹೊರಗೆ ಕಣ್ಣಿಗೆ ಒಂದು ಗೆರೆನೂ ಕಾಣಲ್ಲ. ನಮ್ಮಜ್ಜನ ಊರು ಮಳವಳ್ಳಿ ಕಡೆ, ಅಲ್ಲಿ ಕಮ್ಮಾರರ ಕುಲುಮೆ ಯಾವಾಗ್ಲೂ ಕತ್ತಲೆ ಮೂಲೆಲೇ ಇರ್ತಿತ್ತು, ಚಿಕ್ಕೋನಿದ್ದಾಗ ಯಾಕೆ ಅಂತ ಕೇಳಿದ್ದಕ್ಕೆ "ಬಿಸ್ಲಲ್ಲಿ ಕಬ್ಣ ಸುಳ್ಳೇಳ್ತದೆ ಕಣ್ಮಗ" ಅಂದಿದ್ರು. ಕುಡುಗೋಲಿಗೆ ಹದ ಕೊಡೋ ಮನುಷ್ಯನಿಗೆ ಗೊತ್ತಿದ್ದ ವಿಷಯ ಅಷ್ಟು ದೊಡ್ಡ ಸರ್ಕಾರಿ ಕಾರ್ಖಾನೇಲಿ ಯಾರ ಗಮನಕ್ಕೂ ಬರ್ಲಿಲ್ಲ, ಅದು 1917ರಲ್ಲಿ ಯುದ್ಧದ ಅವಸರಕ್ಕೆ ಮಾಡಿದ ಕೆಲವು ಕೆಟ್ಟ ತೋಟಾಗಳು ಹಿಂಭಾಗದಲ್ಲಿ ಒಡೆದು ರಿಸೀವರ್‌ಗಳು ಗಾಜಿನ ಹಾಗೆ ಚೂರಾಗೋಕೆ ಶುರುವಾದ ಮೇಲೆ ಬೆಳಕಿಗೆ ಬಂತು. ಆಮೇಲೆ ಶಾಖ ಅಳೆಯೋ ಪೈರೋಮೀಟರ್ ತಂದ್ರು, ಹದ ಕೊಡೋ ಕ್ರಮ ಬದಲಾಯಿಸಿದ್ರು, ಎರಡು ಸಲ ಹೀಟ್ ಟ್ರೀಟ್‌ಮೆಂಟ್ ಮಾಡೋಕೆ ಶುರು ಮಾಡಿದ್ರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅದು ಸುಮಾರು 8,00,000ನೇ ನಂಬರಿಂದ, ಅದೇ ರೈಫಲ್ ಮಾಡ್ತಿದ್ದ ಇನ್ನೊಂದು ಕಾರ್ಖಾನೆ ರಾಕ್ ಐಲ್ಯಾಂಡ್ ಆರ್ಸೆನಲ್‌ನಲ್ಲಿ 2,85,507ರಿಂದ. ಅದಕ್ಕಿಂತ ಕೆಳಗಿನ ನಂಬರಿನ ರೈಫಲ್ಲಲ್ಲಿ ಗುಂಡು ಹಾರಿಸ್ಬೇಡಿ ಅಂತ ಅಲ್ಲಿನ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂನೋರೂ ಹೇಳ್ತಾರೆ, ಸರ್ಕಾರದ ಹಳೇ ರೈಫಲ್‌ಗಳನ್ನ ಜನರಿಗೆ ಮಾರೋ ಸಂಸ್ಥೆಯೇ ಅದು.

ಇದಕ್ಕೆ ಮಾರೋನು ಏನಂದ ಅಂದ್ರೆ, ನೂರು ವರ್ಷದಿಂದ ಹೊಡೀತಿದಾರೆ ಏನೂ ಆಗಿಲ್ಲ, ಆಗೋದಿದ್ರೆ ಇಷ್ಟೊತ್ತಿಗೆ ಆಗಿರ್ತಿತ್ತು. ಈ ಮಾತು ಕೇಳೋಕೆ ಸರಿ ಅನ್ಸುತ್ತೆ, ಹುಡುಗನಿಗೂ ಸರಿ ಅನ್ಸಿದೆ. ಆದ್ರೆ ಸರಿ ಅಲ್ಲ. ಪೆಡಸು ರಿಸೀವರ್ ದಿನಾ ಬೀಳೋ ಸಾಮಾನ್ಯ ಹೊರೆಗೆ ಒಡೆಯಲ್ಲ, ಅದು ಗಟ್ಟಿನೇ ಇರುತ್ತೆ, ಇನ್ನೂ ಹೇಳ್ಬೇಕು ಅಂದ್ರೆ ಜಾಸ್ತಿನೇ ಗಟ್ಟಿ. ಒಡೆಯೋದು ಏಟು ಬಿದ್ದಾಗ. ತೋಟಾದ ಹಿತ್ತಾಳೆ ಹಿಂದೆ ಸೀಳಿ ಬಿಸಿ ಗ್ಯಾಸು ಒಮ್ಮೆಲೇ ರಿಸೀವರ್ ಒಳಗೆ ನುಗ್ಗಿದಾಗ ಒಳ್ಳೆ ಉಕ್ಕು ಉಬ್ಬುತ್ತೆ, ಬಾಗುತ್ತೆ, ಹೊಡೆದೋನು ಬೈಕೊಂಡು ಮನೆಗೆ ಹೋಗ್ತಾನೆ, ಸುಟ್ಟ ಉಕ್ಕು ಚೂರಾಗಿ ಹಾರುತ್ತೆ. ಹಿತ್ತಾಳೆ ಯಾವತ್ತು ಸೀಳುತ್ತೆ ಅಂತ ರಿಸೀವರ್‌ಗೆ ಗೊತ್ತಿರಲ್ಲ, ನೂರು ವರ್ಷದಲ್ಲಿ ಒಂದು ಕೆಟ್ಟ ತೋಟಾ ಬಂದಿಲ್ಲ ಅಂದ್ರೆ ಆ ನೂರು ವರ್ಷ ಆ ಉಕ್ಕಿನ ಪರೀಕ್ಷೆನೇ ಆಗಿಲ್ಲ ಅಂತ ಅರ್ಥ. ಇನ್ನೊಂದು ಸಲ ಹದ ಕೊಡಿಸಿ ಸರಿ ಮಾಡ್ಕೊಳ್ತೀನಿ ಅಂತಾರೆ ಕೆಲವರು, ಸುಟ್ಟ ಉಕ್ಕು ಹದಕ್ಕೆ ವಾಪಸ್ ಬರಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆನೂ ರಾಜಿ ಆಗಲ್ಲ, ನನ್ನಕ್ಕನ ಮಗನ ಮುಖ ಅದರ ಹಿಂದೆ ಇರೋದು.

ಎಂ1917 ಬೇರೆ ಜಾತಿ. ಮೊದಲು ಬ್ರಿಟಿಷರಿಗೆ ಅಂತ .303 ತೋಟಾಗೆ ಅಮೆರಿಕದ ಕಾರ್ಖಾನೆಗಳು ಮಾಡ್ತಿದ್ದ ರೈಫಲ್ಲು, ಅಮೆರಿಕ ಯುದ್ಧಕ್ಕೆ ಇಳಿದಾಗ ಅದನ್ನೇ ತಮ್ಮ .30-06 ತೋಟಾಗೆ ಬದಲಾಯಿಸಿ ಇಪ್ಪತ್ತು ಲಕ್ಷಕ್ಕೂ ಮೇಲೆ ಮಾಡಿದ್ರು. ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್ ಅಂತ ಮೂರು ಕಡೆ, ಅದರಲ್ಲಿ ಎಡ್ಡಿಸ್ಟೋನ್ ಇವನಿರೋ ಪೆನ್ಸಿಲ್ವೇನಿಯಾದಲ್ಲೇ. ನಿಕಲ್ ಉಕ್ಕು, ದೊಡ್ಡ ಮೈ, .375 ಎಚ್ ಆಂಡ್ ಎಚ್ ನಂಥ ಉದ್ದದ ತೋಟಾಗೂ ಜಾಗ ಇದೆ, ಆನೆ, ಕೇಪ್ ಬಫೆಲೋ ಶಿಕಾರಿಗೆ ಅಂತ ಆಫ್ರಿಕಾಕ್ಕೆ ಹೋಗೋರು ಈ ಆಕ್ಷನ್ ಮೇಲೆ ಎಷ್ಟೋ ದೊಡ್ಡ ರೈಫಲ್ ಕಟ್ಟಿಸಿದಾರೆ. ತೊಂದ್ರೆ ಎರಡು. ಹಿಂದೆ ಗುರಿ ನೋಡೋ ಭಾಗದ ಎರಡೂ ಕಡೆ ಕಿವಿ ಎದ್ದಿರುತ್ತೆ, ಸ್ಕೋಪ್ ಕೂರಿಸ್ಬೇಕಾದ್ರೆ ಅದನ್ನ ಮಿಲ್ಲಿಂಗ್ ಮಾಡಿ ಇಳಿಸ್ಬೇಕು, ಇಳಿಸಿದ ಮೇಲೆ ರೂಪ ತರೋಕೆ ತುಂಬಾ ಹೊತ್ತು ಅರ ಹಿಡಿದು ಕೂರ್ಬೇಕು, ಆ ಹೊತ್ತಿಗೆ ಗನ್‌ಸ್ಮಿತ್ ದುಡ್ಡು ತಗೋತಾನೆ. ಎರಡನೇದು ಎಡ್ಡಿಸ್ಟೋನ್ ಬ್ಯಾರೆಲ್‌ಗಳನ್ನ ಭಯಂಕರ ಬಿಗಿಯಾಗಿ ಕೂರಿಸ್ತಿದ್ರು, ಅದನ್ನ ಬರೀ ಬಲದಲ್ಲಿ ಬಿಚ್ಚೋಕೆ ಹೋದ್ರೆ ರಿಸೀವರ್ ಮೂತಿ, ಅಂದ್ರೆ ಬ್ಯಾರೆಲ್ ತಿರುಪಿ ಕೂರೋ ಉಂಗುರ, ಸೂಕ್ಷ್ಮವಾಗಿ ಬಿರುಕು ಬಿಡುತ್ತೆ. ನಮ್ಮ ಯಜಮಾನ್ರು ಮೊದಲು ಲೇತಿಗೆ ಹಾಕಿ ಬ್ಯಾರೆಲ್ಲಿನ ಭುಜದ ಹತ್ರ ಒಂದು ಗ್ರೂವ್ ತೆಗೆದು ಬಿಗಿ ಸಡಿಲ ಮಾಡಿ ಆಮೇಲೇ ವ್ರೆಂಚ್ ಹಾಕ್ತಿದ್ರು, ಹಳೇ ಬ್ಯಾರೆಲ್ ಹೆಂಗಿದ್ರೂ ಗುಜರಿಗೇ ಹೋಗೋದು. ಹುಡುಗನ ಎನ್‌ಫೀಲ್ಡ್ ಎಡ್ಡಿಸ್ಟೋನೇ, ಕೆಟ್ಟದ್ದೇನಲ್ಲ, ಆದ್ರೆ ಅವನಿಗೆ ಬೇಕಿರೋದು ಬೆಟ್ಟ ಹತ್ತೋಕೆ ಹಗುರ ಇರೋ ಜಿಂಕೆ ರೈಫಲ್ಲು. ಇಷ್ಟು ದೊಡ್ಡ ಆಕ್ಷನ್ ಅದಕ್ಕೆ ಹೊರೆ.

ಉಳಿದಿದ್ದು ಆ ಗಲೀಜು ಮೌಸರ್.

ಮೌಸರ್ 98 ಬಗ್ಗೆ ನನಗೆ ಇರೋ ಗೌರವ ಬೇರೆ ಯಾವ ಯಂತ್ರದ ಮೇಲೂ ಇಲ್ಲ. ಪೌಲ್ ಮೌಸರ್ 1898ರಲ್ಲಿ ಜರ್ಮನ್ ಸೈನ್ಯಕ್ಕೆ ಕೊಟ್ಟ ಈ ವಿನ್ಯಾಸದಲ್ಲಿ ಕೆಟ್ಟದ್ದು ಆಗೇ ಆಗುತ್ತೆ ಅಂತ ಮೊದಲೇ ಯೋಚಿಸಿ ಮಾಡಿದ್ದಾರೆ. ಮುಂದಿನ ಎರಡು ಲಗ್ ಕೈಕೊಟ್ರೆ ಅಂತ ಹಿಂದೆ ಮೂರನೇದು ಇದೆ. ತೋಟಾ ಸೀಳಿ ಗ್ಯಾಸ್ ಬಂದ್ರೆ ಅಂತ ಬೋಲ್ಟಲ್ಲಿ ಎರಡು ತೂತು ಇದೆ, ಗ್ಯಾಸು ಅಲ್ಲಿಂದ ಎಡಗಡೆ ಲಗ್ ಓಡೋ ಕಾಲುವೆಗೆ ಹೋಗಿ ಹೊರಗೆ ಬೀಳುತ್ತೆ, ಅಲ್ಲಿಂದಲೂ ಹಿಂದಕ್ಕೆ ಬಂದ್ರೆ ಅಂತ ಬೋಲ್ಟ್ ಹಿಂದಿನ ಟೋಪಿಗೆ ಅಗಲದ ಅಂಚು ಕೊಟ್ಟಿದ್ದಾರೆ, ಕಣ್ಣಿಗೆ ಬಡೀಬಾರದು ಅಂತ. ಉದ್ದದ ಎಕ್ಸ್‌ಟ್ರಾಕ್ಟರ್ ಪಟ್ಟಿ ತೋಟಾ ಮ್ಯಾಗಜೀನಿಂದ ಮೇಲೆ ಏಳ್ತಿದ್ದಂಗೆ ಹಿಡ್ಕೊಂಡು ಒಳಗೆ ಕರ್ಕೊಂಡ್ ಹೋಗುತ್ತೆ, ಉಲ್ಟಾ ಹಿಡಿದ್ರೂ ಬೀಳಲ್ಲ. ಲಂಡನ್ನಿನ ರಿಗ್ಬಿಯಂಥ ಹೆಸರುವಾಸಿ ಕೋವಿ ಮನೆಗಳು ಮೌಸರ್ ಆಕ್ಷನ್ ತರಿಸಿ ಅದರ ಮೇಲೆ ತಮ್ಮ ರೈಫಲ್ ಕಟ್ತಿದ್ದಿದ್ದು ಇದಕ್ಕೇ, ಚಂಪಾವತ್ ಹುಲಿ ಕೊಂದಿದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದ .275 ರಿಗ್ಬಿ ಕೂಡ ಮೌಸರ್ ಆಕ್ಷನ್ನೇ.

ಹಂಗಂತ ಮೌಸರ್ ಅಂದ ತಕ್ಷಣ ಕಣ್ಣು ಮುಚ್ಚಿ ತಗೊಳ್ಳೋ ಹಾಗಿಲ್ಲ. 1893, 1895, 1896ರ ಹಳೇ ಮಾದರಿಗಳಲ್ಲಿ ಈ ಮೂರನೇ ಲಗ್ಗೂ ಇಲ್ಲ, ರಿಸೀವರ್ ಮೂತಿನೂ ಸಣ್ಣದು, ಅವಕ್ಕೆ 7×57, 6.5×55 ಥರದ ಸಾಧು ತೋಟಾ ಸಾಕು, .308 ಒತ್ತಡಕ್ಕೆ ಅದನ್ನ ತಳ್ಳಬಾರದು. 98ರಲ್ಲೇ ದೊಡ್ಡ ಮೂತಿದು 1.410 ಇಂಚು, ಸಣ್ಣದು 1.300, ವರ್ನಿಯರ್ ಇಟ್ರೆ ಗೊತ್ತಾಗುತ್ತೆ. ಟರ್ಕಿದು ಕೆಲವು ಹೊರಗೆ ದೊಡ್ಡದಿದ್ದು ಒಳಗೆ ಸಣ್ಣ ಥ್ರೆಡ್ ಇರುತ್ತೆ, ಬ್ಯಾರೆಲ್ ಆರ್ಡರ್ ಮಾಡೋ ಮುಂಚೆ ನೋಡ್ಕೋಬೇಕು. ಯುಗೋಸ್ಲಾವಿಯಾದ ಎಂ48 ಉಕ್ಕು ಒಳ್ಳೇದೇ, ಆದ್ರೆ ಉದ್ದ ಕಾಲು ಇಂಚು ಕಮ್ಮಿ, ಮಾರ್ಕೆಟ್ಟಲ್ಲಿ ಸಿಗೋ ಸ್ಟಾಕು ಸೀದಾ ಕೂರಲ್ಲ. 1909ರ ಅರ್ಜೆಂಟೀನಾ ಮೌಸರ್ ಬರ್ಲಿನ್ನಲ್ಲಿ ಆಗಿದ್ದು, ಕೆಳಗೆ ತೆರೆಯೋ ಬಾಗಿಲು ಕೊಟ್ಟು ತುಂಬಾ ನಾಜೂಕಾಗಿ ಮಾಡಿದ್ದು, ಎಲ್ರಿಗೂ ಅದೇ ಬೇಕು ಆದ್ರಿಂದ ಬೆಲೆನೂ ಹಂಗೇ ಇರುತ್ತೆ. ವಿಜ಼ಡ್-24 ಮಾತ್ರ ಪೂರ್ತಿ ಉದ್ದ, ದೊಡ್ಡ ಮೂತಿ, ಯುದ್ಧಕ್ಕೆ ಮುಂಚೆ ನಿಧಾನಕ್ಕೆ ಮಾಡಿದ್ದಾದ್ರೆ ಕೆಲಸನೂ ಚೆನ್ನ.

ಇಲ್ಲಿನ ಕೆಲವರು ಕೇಳ್ತಾರೆ, ನಮ್ಮ ದೇಶದ .315 ಯಾಕಾಗಬಾರದು ಅಂತ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಜನರ ಕೈಗೆ ಸಿಗಬಾರದು ಅಂತ ಇತ್ತು, ಅದಕ್ಕೇ ಲೀ-ಎನ್‌ಫೀಲ್ಡ್ ಆಕ್ಷನ್ನಿಗೇ ಆಸ್ಟ್ರಿಯಾದ 8×50 ತೋಟಾ ಹಾಕಿ .315 ಅಂತ ಮಾಡಿದ್ರು, ಮೊದಲು ಬಿಎಸ್‌ಎ, ಆಮೇಲೆ ಇಶಾಪುರ ಕಾರ್ಖಾನೆ. ನಮ್ಮ ಕಡೆ ಲೈಸೆನ್ಸ್ ಕೋವಿ ಅಂದ್ರೆ ಹೆಚ್ಚಾಗಿ ಹನ್ನೆರಡು ಬೋರಿನ ಒಂದು ನಳಿಗೆ, ಎರಡು ನಳಿಗೆಯ ಎಸ್‌ಬಿಬಿಎಲ್, ಡಿಬಿಬಿಎಲ್ಲೇ, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಡಿಪಾಸಿಟ್ ಮಾಡೋ ಸಾಲಲ್ಲಿ ನಿಂತ್ರೆ ಅಲ್ಲೊಂದು ಇಲ್ಲೊಂದು .315 ಕಾಣುತ್ತೆ. ಒಳ್ಳೆ ರೈಫಲ್ಲೇ, ಬೋಲ್ಟು ಓಡೋ ವೇಗದಲ್ಲಿ ಅದನ್ನ ಮೀರಿಸೋದು ಇಲ್ಲ. ಆದ್ರೆ ಅದರ ಲಗ್ ಹಿಂದೆ ಇರೋದು, ಒತ್ತಡ ಬಿದ್ದಾಗ ಇಡೀ ಬೋಲ್ಟು, ರಿಸೀವರ್ ಸ್ವಲ್ಪ ಜಗ್ಗುತ್ತೆ, ಹಿತ್ತಾಳೆನೂ ಜಗ್ಗುತ್ತೆ. ಮರ ಎರಡು ತುಂಡಿಂದು ಬೇರೆ. ಹೊಸ ತೋಟಾಗೆ ಹೊಸ ಬ್ಯಾರೆಲ್ ಹಾಕಿ ಕಟ್ಟೋ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಸರಿ, ಮೌಸರ್ ಕೈಗೆ ಬಂದಾಗ ಏನು ನೋಡ್ಬೇಕು. ಹುಡುಗನಿಗೆ ಮೊದಲು ಹೇಳಿದ್ದು ಗ್ರೀಸು ತೊಳಿ ಅಂತ, ಗ್ರೀಸು ಒಳಗೆ ಏನು ಬೇಕಾದ್ರೂ ಬಚ್ಚಿಟ್ಕೊಳ್ಳುತ್ತೆ. ಹಂಗಂತ ಗ್ರೀಸು ಕೆಟ್ಟದ್ದಲ್ಲ, ಪಾಲಿಶ್ ಹೊಡೆದು ಫಳಫಳ ಅನ್ನೋ ಆಕ್ಷನ್ ಕಂಡ್ರೆನೇ ನನಗೆ ಅನುಮಾನ. ಯಾಕಂದ್ರೆ ಈ ಹಳೇ ಮೌಸರ್ ರಿಸೀವರ್‌ಗಳು ಹೆಚ್ಚಿನವು ಕಮ್ಮಿ ಕಾರ್ಬನ್ ಉಕ್ಕು, ಒಳಗೆ ಮೆತ್ತಗೆ, ಹೊರಗೆ ತೆಳು ಪದರ ಮಾತ್ರ ಕೇಸ್ ಹಾರ್ಡನಿಂಗ್ ಮಾಡಿ ಗಟ್ಟಿ ಮಾಡಿರ್ತಾರೆ. ಮರದ ಅಡಿ ತುಕ್ಕು ತಿಂದು ಗುಳಿ ಬಿದ್ದಿರುತ್ತೆ, ಆ ಗುಳಿ ಹೋಗೋವರೆಗೂ ಯಾರೋ ಗ್ರೈಂಡ್ ಮಾಡಿದ್ರೆ ಆ ಗಟ್ಟಿ ಪದರನೇ ಹೋಗಿರುತ್ತೆ. ಒಳಗಿನ ಲಗ್ ಕೂರೋ ಮೆಟ್ಟಿಲನ್ನ ಟಾರ್ಚ್ ಹಾಕಿ ನೋಡ್ಬೇಕು, ಮೂತಿ ಬಗ್ಗಿಸಿದ ಸ್ಕ್ರೈಬರ್ ತುದಿ ಅದರ ಮೇಲೆ ಎಳೀಬೇಕು, ತುದಿ ಎಲ್ಲಾದ್ರೂ ತಗ್ಗಿಗೆ ಬಿದ್ದು ಟಕ್ ಅಂದ್ರೆ ಲಗ್ ಅಲ್ಲಿ ಒತ್ತಿ ಗುಳಿ ಮಾಡಿದೆ ಅಂತ, ಅಂದ್ರೆ ಉಕ್ಕು ಮೆತ್ತಗಿದೆ. ಅಂಥದ್ದು ಬೇಡ. ಹೆಬ್ಬೆರಳಿಗೆ ಜಾಗ ಬಿಡೋಕೆ ಕೊರೆದಿರೋ ಎಡಗಡೆ ಗೋಡೆಯ ಮೂಲೆಗಳಲ್ಲಿ, ಲಗ್‌ಗಳ ಬುಡದಲ್ಲಿ ಬಿರುಕು ಹುಡುಕ್ಬೇಕು, ನಾವು ಅಚ್ಚುಗಳಲ್ಲಿ ಬಿರುಕು ನೋಡೋಕೆ ಹಾಕೋ ಕೆಂಪು ಬಣ್ಣದ ದ್ರವ, ಡೈ ಪೆನೆಟ್ರೆಂಟೇ ಸಾಕು, ಹಾಕಿ ಒರೆಸಿ ಬಿಳಿ ಡೆವಲಪರ್ ಹೊಡೆದ್ರೆ ಕೂದಲೆಳೆ ಬಿರುಕಿದ್ರೂ ಕೆಂಪಗೆ ಕಾಣುತ್ತೆ.

ಹಿಂದೆ ಯಾರಾದ್ರೂ ಬೋಲ್ಟ್ ಹಿಡಿ ವೆಲ್ಡ್ ಮಾಡಿದಾರಾ ನೋಡ್ಬೇಕು. ಮಿಲಿಟರಿ ಮೌಸರ್ ಹಿಡಿ ಹೆಚ್ಚಾಗಿ ನೇರ ಇರುತ್ತೆ, ಸ್ಕೋಪಿಗೆ ತಗಲುತ್ತೆ ಅಂತ ಕತ್ತರಿಸಿ ಬಾಗಿದ್ದು ವೆಲ್ಡ್ ಮಾಡ್ತಾರೆ, ಕೆಲಸ ಗೊತ್ತಿದ್ದೋರು ಶಾಖ ಬೋಲ್ಟಿನ ಮೈಗೆ ಹೋಗದ ಹಾಗೆ ತಡೆ ಕೊಟ್ಟು ಮಾಡ್ತಾರೆ, ಗೊತ್ತಿಲ್ದೋರು ಟಾರ್ಚ್ ಹಿಡಿದು ಇಡೀ ಬೋಲ್ಟ್ ನೀಲಿ ಮಾಡಿ ಹದ ಕಳೆದುಬಿಟ್ಟಿರ್ತಾರೆ. ಸ್ಕೋಪ್ ಬೇಸಿಗೆ ಕೊರೆದ ತೂತು ಒಂದೇ ಗೆರೇಲಿ ಇದೆಯಾ ನೋಡ್ಬೇಕು, ಗಟ್ಟಿ ಪದರದ ಮೇಲೆ ಡ್ರಿಲ್ ಜಾರಿ ಪಕ್ಕಕ್ಕೆ ಹೋಗಿರೋದು ತುಂಬಾ ಸಾಮಾನ್ಯ. ಎಲ್ಲಕ್ಕಿಂತ ಅಪಾಯ ಅಂದ್ರೆ ಪರೇಡ್ ಡ್ರಿಲ್ಲಿಗೆ ಅಂತ ಕೆಡಿಸಿ ವೆಲ್ಡ್ ಮಾಡಿದ್ದ ರೈಫಲ್ಲಿನ ರಿಸೀವರ್‌ನ ಬಿಡಿಸಿ ಪಾಲಿಶ್ ಮಾಡಿ ಮಾರೋದು, ಎಲ್ಲೇ ಆಗ್ಲಿ ರಿಸೀವರ್ ಮೈಮೇಲೆ ವೆಲ್ಡಿಂಗ್ ಗುರುತು ಕಂಡ್ರೆ ಟೇಬಲ್ ಬಿಟ್ಟು ಎದ್ದು ಬಂದ್ಬಿಡಬೇಕು.

ದುಡ್ಡಿನ ವಿಷಯ. ಹುಡುಗ ಇದನ್ನ ಉಳಿತಾಯ ಅನ್ಕೊಂಡಿದ್ದ. ಇಲ್ಲ. ಬ್ಯಾರೆಲ್, ಅದನ್ನ ಕೂರಿಸೋ ಕೂಲಿ, ಹಿಡಿ, ಸ್ಕೋಪಿನ ಅಡಿ ಬರೋ ಹಾಗೆ ಬೇರೆ ಸೇಫ್ಟಿ, ಟ್ರಿಗರ್, ಮರ, ಉಕ್ಕಿಗೆ ನೀಲಿ-ಕಪ್ಪು ಬಣ್ಣ ಕೊಡೋ ಬ್ಲೂಯಿಂಗ್ ಎಲ್ಲಾ ಸೇರಿದ್ರೆ ಅಂಗಡಿಯ ಹೊಸ ರೈಫಲ್ಲಿನ ಬೆಲೆ ಎಲ್ಲೋ ಹಿಂದೆ ಉಳಿಯುತ್ತೆ, ಆಕ್ಷನ್ ಬೆಲೆ ಆ ಲೆಕ್ಕದಲ್ಲಿ ಚಿಕ್ಕ ಪಾಲು. ಅದಕ್ಕೇ ಆಕ್ಷನ್ನಲ್ಲಿ ಐವತ್ತು ನೂರು ಡಾಲರ್ ಉಳಿಸೋಕೆ ಹೋಗೋದು ಅರ್ಥ ಇಲ್ಲದ ಕೆಲಸ, ಒಳ್ಳೇದೇ ತಗೊ. ಇಷ್ಟು ಖರ್ಚು ಮಾಡಿ ಯಾಕೆ ಮಾಡಿಸ್ಬೇಕು ಅಂದ್ರೆ, ಮುಂದೆ ತನ್ನ ಮಗ ಹಿಡೀಬೇಕು ಅಂತ ಮಾಡಿಸೋ ವಸ್ತು ಅದು. ಆ ಆಸೆ ನನಗೆ ಪೂರ್ತಿ ಅರ್ಥ ಆಗುತ್ತೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವನ ಹತ್ರ ಮಾತು ತಗೊಂಡೆ. ಪೂರ್ತಿ ಇರೋ, ನಂಬರೆಲ್ಲ ಒಂದಕ್ಕೊಂದು ಹೊಂದೋ, ಯಾರೂ ಕೈ ಹಾಕದ ಮಿಲಿಟರಿ ರೈಫಲ್ ಸಿಕ್ಕಿದ್ರೆ ಅದನ್ನ ಬಿಚ್ಚಬಾರದು. 1950ರ ದಶಕದಲ್ಲಿ ಪೀಪಾಯಿಯಲ್ಲಿ ಸೌದೆ ಥರ ನಿಲ್ಲಿಸಿ ಮಾರ್ತಿದ್ದಾಗ ಕತ್ತರಿಸಿದ್ರು, ಸರಿ, ಆಗ ಅದು ಎಲ್ಲಾ ಕಡೆ ಇತ್ತು. ಈಗ ಉಳಿದಿರೋ ಒಂದೊಂದೂ ಚರಿತ್ರೆ, ಯಾವ ಹುಡುಗ ಯಾವ ಕಂದಕದಲ್ಲಿ ಹಿಡ್ಕೊಂಡು ಕೂತಿದ್ನೋ, ಅದನ್ನ ಗರಗಸಕ್ಕೆ ಕೊಡೋ ಹಕ್ಕು ನಮಗಿಲ್ಲ. ಬ್ಯಾರೆಲ್ ಮೊದಲೇ ಹೋಗಿರೋದು, ಅರವತ್ತು ವರ್ಷದ ಹಿಂದೆ ಯಾರೋ ಅರೆಬರೆ ಸ್ಪೋರ್ಟರ್ ಮಾಡಿ ಬಿಟ್ಟಿರೋದು ಬೇಕಾದಷ್ಟಿದೆ, ನಮ್ಮಂಥೋರ ಕೈ ಅದರ ಮೇಲೆ ಇದ್ರೆ ಸಾಕು.

ವಿಜ಼ಡ್-24 ತಗೊಂಡ. ತೊಳೆದು ಫೋಟೋ ಕಳಿಸ್ದ, ಮೆಟ್ಟಿಲು ನುಣ್ಣಗಿದೆ, ಬೋಲ್ಟು ರಿಸೀವರ್ ನಂಬರ್ ಒಂದೇ, ಡೈ ಟೆಸ್ಟಲ್ಲಿ ಏನೂ ಕಾಣ್ಲಿಲ್ಲ, ಅಲ್ಲಿನ ಹೀಟ್ ಟ್ರೀಟ್‌ಮೆಂಟ್ ಶಾಪಲ್ಲಿ ಗಡಸುತನನೂ ನೋಡಿಸ್ದ. ತೋಟಾ ಯಾವುದು ಅಂದ್ರೆ ಅವನು .300 ವಿನ್ ಮ್ಯಾಗ್ ಅನ್ನೋ ದೊಡ್ಡದು ಅಂತಿದ್ದ, ಅದಕ್ಕೆ ಬೋಲ್ಟ್ ಮೂತಿ ಅಗಲ ಮಾಡ್ಬೇಕು, ತೋಟಾ ಏರೋ ಹಳಿ, ಅಂದ್ರೆ ರೈಲು, ಕೆತ್ತಬೇಕು, ಒತ್ತಡನೂ ಜಾಸ್ತಿ, ಪೆನ್ಸಿಲ್ವೇನಿಯಾ ಕಾಡಲ್ಲಿ ನೂರು ಗಜದ ಜಿಂಕೆಗೆ ಅದು ಯಾಕೆ ಬೇಕು ಅಂತ ತುಂಬಾ ಹೊತ್ತು ವಾದ ಆಯ್ತು. ಕೊನೆಗೆ 7×57ಗೆ ಒಪ್ಕೊಂಡ. 1892ರ ತೋಟಾ, ಈ ರೈಲು ಈ ಮ್ಯಾಗಜೀನಿಗೆ ಹೆಚ್ಚು ಕಮ್ಮಿ ಹಾಗೇ ಹೊಂದುತ್ತೆ, ಹೆಗಲಿಗೂ ನೋವಿಲ್ಲ.

ಬ್ಯಾರೆಲ್ ಆರ್ಡರ್ ಆಗಿದೆ. ಥ್ರೆಡ್ 1.100 ಇಂಚು, ಇಂಚಿಗೆ ಹನ್ನೆರಡು, ಕೋನ 55 ಡಿಗ್ರಿ ಅಂತ ಅಂಗಡಿಯವನಿಗೆ ಬರೆದುಕೊಡು, ಅಮೆರಿಕದೋರು ಅಭ್ಯಾಸಬಲದಲ್ಲಿ 60 ಡಿಗ್ರಿ ಟೂಲ್ ಹಾಕ್ಬಿಡ್ತಾರೆ ಅಂತ ಹೇಳಿದೀನಿ. ಕೂರಿಸಿದ ಮೇಲೆ, ತೋಟಾ ಕೂರೋ ಜಾಗದ ಅಳತೆ ನೋಡೋ ಗೇಜುಗಳಲ್ಲಿ, ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು, ಆ ಎರಡೂ ನನಗೆ ವಿಡಿಯೋ ಕಾಲಲ್ಲಿ ತೋರ್ಸದೆ ಒಂದೇ ಒಂದು ಈಡೂ ಹೊಡಿಬೇಡ ಅಂದಿದೀನಿ, "ಆಯ್ತು ಮಾವ, ಅಮ್ಮಂಗೆ ಮಾತ್ರ ರೇಟ್ ಹೇಳ್ಬೇಡಿ" ಅಂದ.